ಹಾಲೇಶ ಕಳಿಸಿದ ಸ್ಪೀಕರು

ಮಧುಗಿರಿ
೯ ನವೆಂಬರ್ ೨೦೨೫, ಭಾನುವಾರ

ಚಿರಂಜೀವಿ ಹಾಲೇಶನಿಗೆ,

ಪರ್ವತಣ್ಣ ಮಾಡುವ ಆಶೀರ್ವಾದ. ನೀನೂ ನಿನ್ನ ಹೆಂಡತಿ ಭವ್ಯಳೂ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಿನ್ನ ಇಂದ್ರಕ್ಕ ಕ್ಷೇಮ. ನನ್ನ ಸಂಗತಿ ಮುಂದೆ ಬರೆಯುತ್ತೇನೆ, ಕೂತುಕೊಂಡು ಓದು.

ಇಷ್ಟು ದಿನ ಬೆಳಗಿನ ಹೊತ್ತು ರೇಡಿಯೊದಲ್ಲಿ ನನ್ನ ದನಿ ಇಲ್ಲದ್ದಕ್ಕೆ ಮುದುಕನಿಗೆ ಸೊಕ್ಕು ಬಂತು ಅಂತ ಬೈದುಕೊಂಡಿರುತ್ತೀಯ. ಬೈದುಕೋ, ನನಗೆ ಬೇಜಾರಿಲ್ಲ. ಒಂದು ಫೋನಾದರೂ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನು ಪೊಲೀಸರ ಹತ್ತಿರ ಇದೆ. ಇಂದ್ರಮ್ಮನ ಫೋನಿದೆ, ಅದನ್ನು ಹಿಡಿದುಕೊಳ್ಳಲು ನನಗೆ ಕಿವಿ ಇಲ್ಲ. ಅದಕ್ಕೇ ಈ ಕಾಗದ. ನಿನ್ನ ವಿಳಾಸ ನಿನ್ನ ಕಾರ್ಡಿನ ಹಿಂದೆ ಇತ್ತು. ಹ್ಯಾಮ್ ರೇಡಿಯೊದವರು ಮೊದಲ ಸಲ ಮಾತಾಡಿದ ಮೇಲೆ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಾರ್ಡು ಕಳಿಸುವುದನ್ನು ನೋಡಿ ಇವಳು ನಗುತ್ತಿದ್ದಳು. ಈಗ ಆ ಕಾರ್ಡೇ ಗತಿಯಾಯಿತು.

ವಿಷಯಕ್ಕೆ ಬರುತ್ತೇನೆ. ಬಿಸಿಲೇರಿದ ಕೂಡಲೇ ನಿನ್ನ ಸೆಟ್ಟಿನಲ್ಲಿ ಗರಗಸ ಆಡಿಸಿದ ಹಾಗೆ ಸದ್ದು ಶುರುವಾಗುತ್ತದೆ, ಯಾರ ಮಾತೂ ಕೇಳಿಸುವುದಿಲ್ಲ ಅಂತ ನೀನು ದಿನಾ ಗೋಳು ಹೇಳುತ್ತಿದ್ದೆಯಲ್ಲ, ಆ ಸದ್ದಿನ ಮೂಲ ಹುಡುಕಬೇಕು ಅಂತ ನನಗೆ ಹಟ ಹಿಡಿಯಿತು. ಎರಡು ವರ್ಷದಿಂದ ನಿನ್ನ ದನಿ ಕೇಳಿದ್ದೇನೆಯೇ ಹೊರತು ನಿನ್ನ ಮುಖ ನೋಡಿಲ್ಲ. ಸಿದ್ದರಬೆಟ್ಟದಲ್ಲಿ ಸೇರೋಣ ಅಂತ ಮಾತಾಡಿಕೊಂಡಾಗಲೆಲ್ಲ ಒಮ್ಮೆ ನನ್ನ ಅಂಗಡಿಗೆ ಸುಟ್ಟ ಮೋಟಾರು ಬಂತು, ಒಮ್ಮೆ ನಿನ್ನ ಎಮ್ಮೆ ಈಯಿತು. ಸದ್ದು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚಿ, ಹಾಗೇ ನಡೆದುಕೊಂಡು ಬಂದು ನಿನ್ನ ಬಾಗಿಲಲ್ಲಿ ನಿಂತು ನಿನ್ನನ್ನು ಬೆಚ್ಚಿಬೀಳಿಸಬೇಕು ಎಂಬುದು ನನ್ನ ಲೆಕ್ಕಾಚಾರ. ನಿನಗೆ ಮೊದಲೇ ಹೇಳಿದ್ದರೆ ಈ ಕಾಗದ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಪಾವಗಡದಲ್ಲಿ ಬಸ್ಸಿಳಿದು, ತಿರುಮಣಿ ಕಡೆಯ ಆಟೋ ಹಿಡಿದು, ಸೋಲಾರ್ ಪ್ಯಾನಲ್ಲುಗಳು ಮುಗಿದು ಹೊಲ ಶುರುವಾಗುವ ಕಡೆ ಇಳಿದುಕೊಂಡೆ. ಒಂದು ಕೈಯಲ್ಲಿ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ, ಮೀನಿನ ಮುಳ್ಳಿನ ಹಾಗಿರುತ್ತದಲ್ಲ, ಅದು. ಇನ್ನೊಂದು ಕೈಯಲ್ಲಿ ವಾಕಿಟಾಕಿ. ಕಿವಿಗೆ ಹೆಡ್‌ಫೋನು. ಕತ್ತು ವಾರೆ ಮಾಡಿಕೊಂಡು ಆಂಟೆನಾವನ್ನು ಅತ್ತ ಇತ್ತ ತಿರುಗಿಸುತ್ತಾ ಬದುವಿನ ಮೇಲೆ ಹೋಗುತ್ತಿದ್ದೆ. ಸದ್ದು ಪ್ಯಾನಲ್ ಪಾರ್ಕಿನದಲ್ಲ ಮಾರಾಯ. ಯಾರೋ ತಮ್ಮ ಬೋರ್‌ವೆಲ್ಲಿನ ಸೋಲಾರ್ ಪಂಪಿಗೆ ಹಾಕಿಸಿದ ಅಗ್ಗದ ಕಂಟ್ರೋಲರ್ ಡಬ್ಬದ್ದು. ಅದರ ಹತ್ತಿರ ಹೋಗುತ್ತಾ ಹೋಗುತ್ತಾ ಸಿಕ್ಕಿತು ಸಿಕ್ಕಿತು ಅಂತ ಒಬ್ಬನೇ ನಗುತ್ತಿದ್ದೆ.

ಆಗ ಹಿಂದಿನಿಂದ ಮೊದಲ ಏಟು ಬಿತ್ತು, ನಡುವಿಗೆ. ಬಗ್ಗಿದವನಿಗೆ ಮತ್ತೆ ಎದ್ದು ನಿಲ್ಲಲು ಆಗಲಿಲ್ಲ. "ದೊಂಗ ಕಣ್ರೋ! ಪಟ್ಟುಕೋಂಡ್ರಾ!" ಅಂತ ಅರೆ ತೆಲುಗಿನಲ್ಲಿ ಒಬ್ಬ. "ಕೇಬಲ್ ಕಳ್ಳ ಸಿಕ್ಬುಟ್ಟ, ಬರ್ರೋ!" ಅಂತ ಇನ್ನೊಬ್ಬ. ನಿಮ್ಮ ಕಡೆ ಎರಡು ಸಲ ತಾಮ್ರದ ಕೇಬಲ್ ಕಳುವಾಗಿ ಊರೂರಿಗೆ ಕಾವಲು ಗುಂಪು ಕಟ್ಟಿಕೊಂಡಿದ್ದಾರೆ ಅಂತ ನೀನೇ ಹೇಳಿದ್ದೆ. ಅವರ ಕಣ್ಣಿಗೆ ನನ್ನ ಆಂಟೆನಾ ನೆಲದೊಳಗಿನ ಕೇಬಲ್ ಹುಡುಕುವ ಯಂತ್ರ. ದೊಣ್ಣೆ, ನೀರಿನ ಪೈಪು, ಎತ್ತಿನ ಬಾರುಕೋಲು, ಕಾಲು. ಪಕ್ಕೆಲುಬು ಮುರಿದ ಸದ್ದು ನನಗೇ ಕೇಳಿಸಿತು, ಒಣಗಿದ ತೊಗರಿ ಕಡ್ಡಿ ಮುರಿದ ಹಾಗೆ. ಒಬ್ಬ ನನ್ನ ಆಂಟೆನಾದಿಂದಲೇ ನನ್ನ ಬೆನ್ನಿಗೆ ಬರೆ ಎಳೆದ. ನಾನೂ ಸುಮ್ಮನೆ ಬಿದ್ದಿರಲಿಲ್ಲ. ಕೈಗೆ ಸಿಕ್ಕ ಒಂದು ಮೀನಖಂಡಕ್ಕೆ ಹಲ್ಲು ಊರಿದೆ. ಅವನ ರಕ್ತದ ರುಚಿ ಇನ್ನೂ ಬಾಯಲ್ಲಿದೆ.

ಬೇರೆ ಯಾರಾದರೂ ಆಗಿದ್ದರೆ ಅಮ್ಮಾ ಅನ್ನುತ್ತಿದ್ದರು, ಶಿವನೇ ಅನ್ನುತ್ತಿದ್ದರು. ನಾನು ನನ್ನ ಕಾಲ್‌ಸೈನ್ ಕೂಗಿದೆ ಕಣೋ! ವಿಕ್ಟರ್ ಯೂನಿಫಾರ್ಮ್ ತ್ರೀ ಅಂತ ಶುರುಮಾಡಿ ಕೊನೆಯ ಅಕ್ಷರದ ತನಕ, ಮೇಲೆ ನನ್ನ ಹೆಸರು, ಮಧುಗಿರಿ. ನಲವತ್ತು ವರ್ಷದ ಅಭ್ಯಾಸ, ಕಷ್ಟ ಬಂದಾಗ ಮೊದಲು ಗುರುತು ಹೇಳು ಅಂತ ಎಲ್ಲರಿಗೂ ಪಾಠ ಮಾಡಿದ ನಾಲಿಗೆ ಅಲ್ಲವೇ. ಕೈಯಲ್ಲಿ ವಾಕಿಟಾಕಿ ಬೇರೆ. ಜೊತೆಗಾರ ಕಳ್ಳರನ್ನು ಕರೆಯುತ್ತಿದ್ದೇನೆ ಅಂತ ತಿಳಿದುಕೊಂಡರು. ಆಮೇಲೆ ಎಷ್ಟು ಬಿತ್ತೋ, ಮೊದಲು ಎಷ್ಟು ಬಿದ್ದಿತ್ತೋ, ಯಾವುದು ಯಾವಾಗ ಬಿತ್ತೋ ಒಂದೂ ನೆನಪಿಲ್ಲ. ಮೇಕೆ ಮೇಯಿಸುತ್ತಿದ್ದ ಸಿದ್ದಗಂಗಮ್ಮ ಎಂಬ ಮುದುಕಿ ನನ್ನ ಮೇಲೆ ಅಡ್ಡ ಬಿದ್ದು, "ಸಾಯ್ತಾನೆ ಬುಡ್ರೋ, ಪಾಪ್ರ್ ನನ್ ಮಕ್ಳಾ!" ಅಂತ ಅರಚಿದಳಂತೆ. ನಾನು ಬದುಕಿರುವುದು ಅವಳ ಪುಣ್ಯ.

ಇದೆಲ್ಲ ಆದದ್ದು ನಿನ್ನ ಊರಿಗೆ ಕೂಗಳತೆಯಲ್ಲಿ. ಯಾವನೋ ಕಳ್ಳನಿಗೆ ಚೆನ್ನಾಗಿ ಬಿತ್ತಂತೆ ಅಂತ ನೀನೂ ಕೇಳಿರುತ್ತೀಯ. ಆ ಕಳ್ಳ ನಾನು. ನೀನು ಅವತ್ತು ಎಲ್ಲಿಗೋ ಹೋಗಿದ್ದೆ ಅಂತ ಕಾಣುತ್ತದೆ. ಊರಲ್ಲಿ ಇದ್ದಿದ್ದರೆ ನನ್ನ ಕಾಲ್‌ಸೈನ್ ಕೇಳಿ ಓಡಿ ಬಂದಿರುತ್ತಿದ್ದೆ. ನನ್ನ ಹಣೆಬರಹ.

ಈಗ ಎಡಗಿವಿಯ ತಮಟೆ ಹರಿದು ಹೋಗಿದೆ. ಅದು ಇನ್ನು ಬರುವುದಿಲ್ಲ ಅಂದರು ಡಾಕ್ಟರು. ಬಲಗಿವಿ ಇದೆ, ಆದರೆ ಒಳಗೆ ಜೀರುಂಡೆ ಕೂತಿದೆ. ಹೆಡ್‌ಫೋನು ಹಾಕಬಾರದು. ಸೆಟ್ಟಿನ ಒಳಗಿನ ಸ್ಪೀಕರು ನಿನಗೆ ಗೊತ್ತಲ್ಲ, ಬೆಂಕಿಪೊಟ್ಟಣದಷ್ಟಿದೆ, ಅದೂ ಮುಖ ಮೇಲಕ್ಕೆ ಮಾಡಿಕೊಂಡು ಸೂರಿಗೆ ಮಾತಾಡುತ್ತದೆ. ನನಗೆ ಕೇಳಿಸುವುದು ಬರೀ ಚುರುಚುರು. ಹೊರಗಿನಿಂದ ಜೋಡಿಸುವ ಒಂದು ಒಳ್ಳೆ ಸ್ಪೀಕರು ಬೇಕು. ಹಾಡು ಕೇಳುವುದಲ್ಲ, ಮನುಷ್ಯರ ಮಾತು ಕೇಳುವುದು. ಯಾವುದು ಒಳ್ಳೆಯದು ಅಂತ ನಿನಗೆ ತೋಚಿದ್ದು ಬರಿ. ಒಂದು ಕಿವಿ ಹೋಯಿತು, ಹೋಗಲಿ. ಬೆಳಗ್ಗೆ ಎದ್ದರೆ ನಿಮ್ಮೆಲ್ಲರ ದನಿ ಇಲ್ಲ ಅಂದರೆ ನಾನು ಇದ್ದೂ ಸತ್ತ ಹಾಗೆ.

ಭವ್ಯಳಿಗೂ ನಿನಗೂ ಒಳ್ಳೆಯದಾಗಲಿ.

ನಿನ್ನ
ಪರ್ವತಣ್ಣ

ಇನ್ನೊಂದು ಮಾತು: ಇನ್‌ಸ್ಪೆಕ್ಟರು ಬಂದಿದ್ದರು. ಗುಂಪಿನಲ್ಲಿ ಒಬ್ಬರನ್ನಾದರೂ ಗುರುತು ಹೇಳಿ ಅಂದರು. ಮಣ್ಣಿಗೆ ಮುಖ ಹಾಕಿ ಬಿದ್ದವನಿಗೆ ಯಾವ ಗುರುತು? ನೋಡಿದ್ದು ಬರೀ ಕಾಲು.

*

ಮಧುಗಿರಿ
೩೦ ನವೆಂಬರ್ ೨೦೨೫, ಭಾನುವಾರ

ಚಿರಂಜೀವಿ ಹಾಲೇಶನಿಗೆ,

ಮತ್ತೆ ಆಶೀರ್ವಾದ. ಪಾವಗಡದ ಬಸ್ಸಿನ ಡ್ರೈವರು ನಿನ್ನ ಪಾರ್ಸಲ್ ತಂದು ಅಂಗಡಿಗೇ ಕೊಟ್ಟು ಹೋದ. ಕೂಡಲೇ ಎರಡು ಸಾಲು ಬರೆಯಬೇಕಿತ್ತು, ಬರೆಯಲಿಲ್ಲ. ಮನಸ್ಸು ಸ್ಥಿಮಿತದಲ್ಲಿಲ್ಲ, ಕ್ಷಮಿಸು.

ನಿನ್ನ ಪೆಟ್ಟಿಗೆ ಬರುವ ಮೊದಲು ನಾನು ಪಟ್ಟ ಪಾಡು ಕೇಳು. ಪಕ್ಕೆಗೆ ಪಟ್ಟಿ ಕಟ್ಟಿಕೊಂಡೇ ಶಿರಾಕ್ಕೆ ಹೋದೆ. ಅಲ್ಲಿ ಗುಜರಿ ಅಂಗಡಿಯ ಖಲಂದರ್ ಸಾಹೇಬರು ನನಗೆ ಹಳೇ ಪರಿಚಯ. "ಅರೆ ಪರ್ವತಣ್ಣ, ಕ್ಯಾ ಹಾಲ್ ಮಾಡ್ಬುಟ್ರು ನಿಮ್ದು!" ಅಂತ ನನ್ನ ಮುಖ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ಕಾರಿನ ಬಾಗಿಲಿಂದ ಬಿಚ್ಚಿದ ಒಂದು ದೊಡ್ಡ ಸ್ಪೀಕರು ಕೊಟ್ಟು, "ಇದು ಏಕ್‌ದಂ ಗಟ್ಟಿ ಮಾಲು, ಸತ್ತೋರ್‌ಗೂ ಕೇಳುಸ್ತದೆ" ಅಂದರು. ಮನೆಗೆ ತಂದು ಜೋಡಿಸಿದೆ. ಗಟ್ಟಿ ಏನೋ ಹೌದು. ಆದರೆ ಕಾಳು ತುಂಬುವ ಹಗೇವಿನೊಳಗೆ ಬಿದ್ದವನು ಕೂಗಿದ ಹಾಗೆ ಎಲ್ಲ ಗುಂ ಗುಂ. ಹಾಡಿನ ತಾಳಕ್ಕೆಂದು ಮಾಡಿದ್ದು ಅದು, ಮಾತಿಗಲ್ಲ. ಕೊರಟಗೆರೆಯ ಶಂಕರಲಿಂಗಪ್ಪ ರೇಡಿಯೊದಲ್ಲಿ ನನ್ನ ಆರೋಗ್ಯ ವಿಚಾರಿಸುತ್ತಿದ್ದಾನೆ, ನನಗೆ ಒಂದಕ್ಷರ ಹತ್ತುತ್ತಿಲ್ಲ! ಅದೇನು ಬಂತೋ ಮೈಮೇಲೆ, ಅಂಗಡಿಯ ಸುತ್ತಿಗೆ ತಂದು ಆ ಸ್ಪೀಕರನ್ನು ಜಜ್ಜಿದೆ. ಕಬ್ಬಿಣ ಚಪ್ಪಟೆಯಾದ ಮೇಲೂ ಜಜ್ಜಿದೆ. ಪಕ್ಕೆ ಹರಿದು ಹೋಗುವಷ್ಟು ನೋಯುತ್ತಿತ್ತು, ಬಿಡಲಿಲ್ಲ. ಇಂದ್ರಮ್ಮ ಬಾಗಿಲಲ್ಲಿ ನಿಂತು, "ಅದೇನ್ ಮಾಡ್ತು ಪಾಪ ನಿಮಗೆ? ಹೊಡ್ದೋರ್ನ ಹೊಡೀಯಕ್ಕಾಗ್ದೆ ತಗಡುನ್ ಹೊಡೀತಾ ಅವ್ರೆ" ಅಂದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಅದೇ.

ಆಮೇಲೆ ಆನ್‌ಲೈನಿನಲ್ಲಿ ತರಿಸಿದ್ದು, ರೇಡಿಯೊದವರಿಗೆಂದೇ ಮಾಡಿದ ಕಬ್ಬಿಣದ ಡಬ್ಬದ ಸ್ಪೀಕರು. ಮಾತು ಬಿಡಿಬಿಡಿಯಾಗಿ ಕೇಳಿಸಿತು, ಸುಳ್ಳು ಹೇಳಬಾರದು. ಆದರೆ ಸ, ಶ, ಚ ಬಂದಾಗಲೆಲ್ಲ ಗೋಣಿದಬ್ಬಣದಿಂದ ಬಲಗಿವಿಗೆ ಚುಚ್ಚಿದ ಹಾಗೆ. ಇದ್ದೊಂದು ಕಿವಿಯನ್ನೂ ಕಳೆದುಕೊಳ್ಳುವ ಆಸೆ ನನಗಿಲ್ಲ.

ಅಷ್ಟರಲ್ಲಿ ನಿನ್ನದು ಬಂತು. ಬೇವಿನ ಹಲಗೆಯ ಪೆಟ್ಟಿಗೆ, ಒಳಗೆ ನಿಮ್ಮಪ್ಪನ ಕಾಲದ ವಾಲ್ವ್ ರೇಡಿಯೊದ ಕಾಗದದ ಸ್ಪೀಕರು, ಮುಂದೆ ಭವ್ಯಳ ಹಳೇ ಸೀರೆಯ ಬಟ್ಟೆ. ಹಿಂಬದಿಯಲ್ಲಿ ಗಾಳಿಗೆ ಕಿಂಡಿ ಬಿಟ್ಟಿದ್ದೀಯ, ಒಳಗೆ ಹತ್ತಿ ತುಂಬಿದ್ದೀಯ, ಒಂದು ಮೊಳೆ ಹೊಡೆದಿಲ್ಲ, ಎಲ್ಲ ಕಚ್ಚು ಕೊರೆದು ಕೂಡಿಸಿದ ಸಂದು. ಎಷ್ಟು ದಿನ ಕೂತು ಮಾಡಿದೆಯೋ! ಶಂಕರಲಿಂಗಪ್ಪನ ದನಿ ಬಂತು ನೋಡು, ಎದುರಿಗೆ ಜಗಲಿಯ ಮೇಲೆ ಕೂತು ಮಾತಾಡಿದ ಹಾಗೆ. ಅವನು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ನಾನು ಅತ್ತುಬಿಟ್ಟೆ. ಹೊಡೆತ ಬಿದ್ದಾಗ ಅತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ. ಇಂದ್ರಮ್ಮ, "ಒಡಹುಟ್ದೋನಾದ್ರೂ ಇಂಗ್ ಮಾಡ್ತಿದ್ನಾ?" ಅಂದಳು. ನಿಮ್ಮಪ್ಪನ ನೆನಪಿನ ವಸ್ತು ಕಿತ್ತು ನನಗೆ ಕಳಿಸಿದೆಯಲ್ಲೋ. ಅದಕ್ಕೆ ಪ್ರತಿಯಾಗಿ ಏನು ಕೊಡಲಿ ನಿನಗೆ?

ನೀನು ಮಾತ್ರ ರೇಡಿಯೊದಲ್ಲಿ ಬರುತ್ತಿಲ್ಲವಂತೆ. ನಾನು ಮಲಗಿದ ದಿನದಿಂದಲೂ ಬಂದಿಲ್ಲ ಅಂದ ಶಂಕರಲಿಂಗಪ್ಪ. ಪಾರ್ಸಲಿನೊಳಗೆ ಬರೀ "ಬೇಗ ಹುಷಾರಾಗಿ ಅಣ್ಣಾ" ಅಂತ ಒಂದು ಚೀಟಿ. ಮೈ ಹುಷಾರಿಲ್ಲವೇ? ಇದೊಂದು ಸಲ ಬಾ. ನಿನ್ನ ಸ್ಪೀಕರಿನಲ್ಲಿ ನಿನ್ನ ದನಿಯನ್ನೇ ಕೇಳಬೇಕು.

ಈಗ ಮುಖ್ಯ ವಿಷಯ. ಪೊಲೀಸರು ಫೋನು ವಾಪಸು ಕೊಟ್ಟರು. ಅದು ಸತ್ತಿದೆ, ನಮಗೆ ಬೇಡ ಅಂದರು. ಇಲ್ಲಿ ಮೊಬೈಲ್ ರಿಪೇರಿಯವನು ಅದಕ್ಕೆ ಜೀವ ಕೊಟ್ಟ. ಅವತ್ತು ಸದ್ದು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಆಮೇಲೆ ಹೋಲಿಸಿ ನೋಡುವುದಕ್ಕೆ ನಾನು ಫೋನಿನಲ್ಲಿ ರೆಕಾರ್ಡಿಂಗು ಹಾಕಿಕೊಂಡೇ ನಡೆಯುತ್ತಿದ್ದೆ. ಹೊಡೆಯುವಾಗ ಅದು ಜೇಬಿನಿಂದ ಬಿದ್ದು, ಬದುವಿನ ಹುಲ್ಲಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದೆ! ಫೋನಿನಲ್ಲೇ ಹಾಕಿದರೆ ಬರೀ ಸಂತೆ ಗದ್ದಲ. ಆದರೆ ನಿನ್ನ ಪೆಟ್ಟಿಗೆಗೆ ಜೋಡಿಸಿದರೆ ದನಿಗಳು ಬೇರೆ ಬೇರೆಯಾಗುತ್ತವೆ. ಮೊದಲ ಏಟುಗಳ ತನಕ ಕೇಳಿದೆ, ಮುಂದಿನದು ಬೇಡ ಅಂತ ನಿಲ್ಲಿಸಿದೆ. ಅಷ್ಟರಲ್ಲೇ ಒಬ್ಬ ಮುಂದಾಳಿನ ದನಿ ಇದೆ. ಎಲ್ಲರೂ ಅರಚುವಾಗ ಅವನು ಅರಚುವುದಿಲ್ಲ, ಅಪ್ಪಣೆ ಕೊಡುತ್ತಾನೆ.

ಆ ದನಿಯ ಒಡೆಯನನ್ನು ನಾನು ಹುಡುಕುತ್ತೇನೆ, ಹಾಲೇಶ. ಇನ್‌ಸ್ಪೆಕ್ಟರಿಗೆ ಕೊಡುವ ಮೊದಲು ನನ್ನ ಕೈಗೆ ಸಿಗಬೇಕು ಅವನು. ಅವನ ದವಡೆಯನ್ನು ಈ ಸುತ್ತಿಗೆಯಿಂದ ಮುರಿಯುತ್ತೇನೆ. ಒಂದು ಕಡೆ ಮುರಿದು, ಉಸಿರು ತೆಗೆದುಕೊಳ್ಳಲು ಬಿಟ್ಟು, ಇನ್ನೊಂದು ಕಡೆ ಮುರಿಯುತ್ತೇನೆ. ಈ ವಯಸ್ಸಿನಲ್ಲಿ ಇಂಥ ಮಾತೇ ಅನ್ನಬೇಡ. ಊಟ ಮಾಡುವಾಗಲೂ ಇದೇ ಯೋಚನೆ ನನಗೆ. ನೀನು ಆ ಕಡೆಯವನು, ನಿನಗೆ ಎಲ್ಲರ ದನಿಯೂ ಗೊತ್ತು. ಒಂದು ಸಲ ಬಂದು ಕೇಳಿ ಹೆಸರು ಹೇಳಿಬಿಡು.

ನಿನ್ನ ಮನೆ ತಣ್ಣಗಿರಲಿ.

ನಿನ್ನ
ಪರ್ವತಣ್ಣ

ಮರೆತಿದ್ದೆ: ಪೆಟ್ಟಿಗೆಯ ಬಟ್ಟೆ ನೋಡಿ ಇಂದ್ರಮ್ಮ ಭವ್ಯಳಿಗೆ ಒಂದು ಸೀರೆ ತೆಗೆದಿಟ್ಟಿದ್ದಾಳೆ. ಬರುವಾಗ ಅವಳನ್ನೂ ಕರೆದುಕೊಂಡು ಬಾ.

*

ಮಧುಗಿರಿ
೧೪ ಡಿಸೆಂಬರ್ ೨೦೨೫, ಭಾನುವಾರ

ಹಾಲೇಶ,

ಈ ಸಲ ತಡವಾದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಹೇಗೆ ಶುರುಮಾಡಲಿ ಎಂದು ತಿಳಿಯದೆ ಕಾಗದ ಹರಿದು ಹರಿದು ಹಾಕಿದ್ದೇನೆ.

ನಿನ್ನ ಉತ್ತರ ಬಂತು. "ಅವತ್ತು ನಾನು ಹಿಂದೂಪುರಕ್ಕೆ ಹೋಗಿದ್ದೆ. ಆಗಿದ್ದು ಆಗೋಯ್ತು ಅಣ್ಣಾ, ಆ ರೆಕಾರ್ಡಿಂಗ್ ಅಳಿಸಿಬಿಡಿ, ಮನಸ್ಸಿಗೆ ನೆಮ್ಮದಿ ಸಿಗುತ್ತೆ" ಅಂತ ಬರೆದಿದ್ದೆ. ನನ್ನ ನೆಮ್ಮದಿಯ ಮೇಲೆ ಎಷ್ಟು ಕಾಳಜಿ ಇವನಿಗೆ ಅಂತ ಇಂದ್ರಮ್ಮನಿಗೆ ಓದಿ ಹೇಳಿದೆ. ಹೋದ ಭಾನುವಾರ ಕೊನೆಗೂ ನೀನು ರೇಡಿಯೊದಲ್ಲಿ ಬಂದೆ. "ಅಣ್ಣಾ, ನಮಸ್ಕಾರ, ನಮಸ್ಕಾರ. ಕೇಳುಸ್ತಾ ಐತಾ? ಕೇಳುಸ್ತಾ ಐತಾ?" ಅಂದೆ. ನನ್ನ ಕೈ ಮೈಕಿನ ಮೇಲೇ ನಿಂತಿತು.

ಗುಂಡಿ ಒತ್ತಿದ ಕೂಡಲೇ ಬಾಯಿ ಬಿಡಬೇಡ, ಒಂದು ಕ್ಷಣ ತಡೆ, ಇಲ್ಲದಿದ್ದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಮುಖ್ಯವಾದದ್ದನ್ನು ಎರಡು ಸಲ ಹೇಳು, ಅಂತ ನಿನಗೆ ಕಲಿಸಿದವನು ನಾನು. ನೀನು ಅದನ್ನು ಮೈಗೂಡಿಸಿಕೊಂಡೆ. ಆ ರೆಕಾರ್ಡಿಂಗಿನಲ್ಲಿ ಎಲ್ಲರೂ ಉಸಿರುಗಟ್ಟಿ ಕಿರುಚುತ್ತಿರುವಾಗ ಒಂದೇ ಒಂದು ದನಿ ಒಂದು ಕ್ಷಣ ತಡೆದು, "ಬೀಳ್ಸ್ರೋ, ಬೀಳ್ಸಿ. ಕೈ ಇಡ್ಕಳಿ, ಕೈ ಇಡ್ಕಳಿ" ಅನ್ನುತ್ತದೆ. ಸಂತೆಯಲ್ಲಿ, ಜಗಳದಲ್ಲಿ ಹಾಗೆ ಯಾರು ಮಾತಾಡುತ್ತಾರೆ? ಫೋನು ತಂದು ಅದೇ ಪೆಟ್ಟಿಗೆಗೆ ಜೋಡಿಸಿ ಕೇಳಿದೆ. ಮತ್ತೆ ಸೆಟ್ಟಿಗೆ ಜೋಡಿಸಿದೆ, ನೀನು ಇನ್ನೂ ನನ್ನನ್ನು ಕರೆಯುತ್ತಲೇ ಇದ್ದೆ. ನಿಮ್ಮಪ್ಪನ ಸ್ಪೀಕರು ಸುಳ್ಳು ಹೇಳುವುದಿಲ್ಲ. ಎರಡೂ ನೀನೇ. ಇದೇ ಪೆಟ್ಟಿಗೆಯಲ್ಲಿ ನಿನ್ನ ದನಿ ಕೇಳುವ ತನಕ ಆ ಗುಂಪಿನಲ್ಲಿ ನಿನ್ನನ್ನು ಹುಡುಕುವ ಯೋಚನೆಯೇ ನನಗೆ ಬಂದಿರಲಿಲ್ಲ.

ಹಾಳಾದವನೇ, ಕಾರಿನ ಸ್ಪೀಕರನ್ನೇ ಇಟ್ಟುಕೊಂಡಿದ್ದರೆ ನಾನು ಬೆಪ್ಪನಂತೆ ಸುಖವಾಗಿರುತ್ತಿದ್ದೆ!

ಮಾರನೆಯ ದಿನ ಪಾವಗಡದ ಬಸ್ಸು ಹತ್ತಿದೆ. ಇಂದ್ರಮ್ಮನಿಗೆ ಡಾಕ್ಟರ ಹತ್ತಿರ ಅಂತ ಹೇಳಿದೆ. ಚೀಲದಲ್ಲಿ ಸುತ್ತಿಗೆ ಇತ್ತು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು, ನಿನ್ನ ದವಡೆ ಎಲ್ಲಿ ಮುರಿಯಬೇಕು, ಬಿದ್ದ ಮೇಲೆ ಎಲ್ಲಿ ಕಾಲಿಡಬೇಕು ಅಂತ ಯೋಚಿಸುತ್ತಾ ಹೋದೆ. ಭಯವಾಗಲಿಲ್ಲ. ಮದುವೆಗೆ ಹೊರಟವನಿಗಿರುವಷ್ಟು ಉಮೇದು ಇತ್ತು. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ನಿನ್ನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಆಂಟೆನಾ ಕಂಬ ದೂರಕ್ಕೇ ಕಾಣುತ್ತದೆ. ಮಾಳಿಗೆಯ ಮೇಲೆ ಒಬ್ಬ ಬೆನ್ನು ತಿರುಗಿಸಿ ನಿಂತು ತಂತಿ ಬಿಚ್ಚುತ್ತಿದ್ದ. ನಿನ್ನನ್ನು ಮೊದಲ ಸಲ ನೋಡಿದ್ದು ಹಾಗೆ. ಇಷ್ಟು ಸಣಕಲ ಅಂದುಕೊಂಡಿರಲಿಲ್ಲ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಭವ್ಯ ಹೊರಗೆ ಬಂದಳು. "ಯಾರ್ ಬೇಕಾಗಿತ್ತು ಯಜಮಾನ್ರೇ? ಅಯ್ಯೋ, ಏನಿದು ಮುಖವೆಲ್ಲ ಇಂಗಾಗೈತೆ! ಕೂತ್ಕಳಿ, ನೀರ್ ತರ್ತೀನಿ" ಅಂದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮೇಲಿದ್ದ ನಿನಗೆ ನನ್ನ ದನಿಯ ಗುರುತು ಸಿಗುತ್ತಿತ್ತು. ನೀರು ಕುಡಿದು, ಕಂಬದ ಕಡೆ ಕೈ ತೋರಿಸಿದೆ.

"ಅದಾ? ಅದುರ್ ಕತೆ ಕೇಳ್ಬೇಡಿ" ಅಂದಳು. "ಕೇಬಲ್ ಕಳ್ಳತನ ಆದಾಗ, ನಿಮ್ ಕಂಬದಿಂದ್ಲೇ ಕಳ್ರಿಗೆ ಸುದ್ದಿ ಓಗ್ತೈತೆ ಅಂತ ಊರೋರೆಲ್ಲ ಮನೆ ಮುಂದೆ ಬಂದು ಕಲ್ಲು ತೂರುದ್ರು. ನನ್ ತಲೆಗೇ ಬಿತ್ತು ಒಂದು. ಅದುಕ್ಕೇ ಇವ್ರು ಕಾವಲು ಗುಂಪಿಗೆ ತಾವೇ ಮುಂದ್ ನಿಂತ್ರು. ಈಗ ಅದೇನಾಗೈತೋ, ಊಟನೂ ಇಲ್ಲ ನಿದ್ದೆನೂ ಇಲ್ಲ. ಕಂಬಾನೇ ಬ್ಯಾಡ ಅಂತ ಕೀಳ್ತಾವ್ರೆ." ಅವಳ ಹಣೆಯ ಮೇಲೆ ಹೊಲಿಗೆಯ ಗುರುತು ಇತ್ತು. ಕಲ್ಲು ತೂರಿದ್ದನ್ನು ನೀನು ನನಗೆ ಒಂದು ದಿನವೂ ಹೇಳಿರಲಿಲ್ಲ.

ಚೀಲದೊಳಗೆ ಸುತ್ತಿಗೆಯ ಹಿಡಿ ನನ್ನ ಕೈಯಲ್ಲೇ ಇತ್ತು. ಎರಡು ಹೆಜ್ಜೆ ಇಟ್ಟಿದ್ದರೆ ಏಣಿ. ನೀನು ಮೇಲಿಂದ, "ಭವ್ಯಾ, ಯಾರದು?" ಅಂದೆ. ಅದೇ ದನಿ. ಮೈಯೆಲ್ಲ ಬೆಂಕಿ ಹತ್ತಿಕೊಂಡಿತು. ಆದರೆ ಆ ಹೆಣ್ಣುಮಗಳು ಲೋಟಕ್ಕೆ ಮತ್ತೆ ನೀರು ಬಗ್ಗಿಸುತ್ತಿದ್ದಳು. ಅವಳ ಕಣ್ಣೆದುರಿಗೆ ಆಗಲಿಲ್ಲ ನನ್ನಿಂದ. ಕೈ ಮುಗಿದು ಹೊರಟುಬಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಾನೇ ನ್ಯಾಯ ಹೇಳಿಕೊಂಡೆ. ಹಾಲೇಶ ಹೊಡೆಸಿದ್ದು ಒಬ್ಬ ಕಳ್ಳನನ್ನು. ನನ್ನ ಮುಖ ಅವನು ಕಂಡವನಲ್ಲ. ಹೆಂಡತಿಯ ತಲೆಗೆ ಕಲ್ಲು ಬಿದ್ದ ಮೇಲೆ ಊರಿಗೆ ತಾನು ಯಾರೆಂದು ತೋರಿಸಬೇಕಿತ್ತು. ನಾನು ಕಾಲ್‌ಸೈನ್ ಕೂಗುವ ಹೊತ್ತಿಗೆ ಆ ಗದ್ದಲದಲ್ಲಿ ಅವನಿಗೆ ಕೇಳಿಸಿರಲಾರದು. ಆಮೇಲೆ ನನ್ನ ಕಾಗದ ನೋಡಿ ಗೊತ್ತಾಗಿದೆ, ಎದೆ ಒಡೆದುಕೊಂಡು ಅಪ್ಪನ ಸ್ಪೀಕರನ್ನೇ ಕಿತ್ತು ಕಳಿಸಿದ್ದಾನೆ. ಹಿಂದೂಪುರದ ನೆಪ, ರೇಡಿಯೊಗೆ ಬಾರದ್ದು, ಅಳಿಸಿಬಿಡಿ ಅಂದದ್ದು, ಎಲ್ಲ ನಾಚಿಕೆಯಿಂದ. ಗುರುತಿಲ್ಲದವನಿಗೆ ಹೊಡೆದದ್ದು ಪಾಪ, ಆದರೆ ಅದು ನನಗೆ ಬಗೆದ ದ್ರೋಹವಲ್ಲ. ಹೀಗೆ ಹೇಳಿಕೊಂಡು ಹೇಳಿಕೊಂಡು ಮಧುಗಿರಿಯ ಬೆಟ್ಟ ಕಾಣುವ ಹೊತ್ತಿಗೆ ಉಸಿರು ಸಲೀಸಾಗಿ ಆಡಿತು. ನನ್ನ ಕೋಪ ಇಳಿದದ್ದು ನನಗೇ ಆಶ್ಚರ್ಯ.

ಅದಕ್ಕೇ ಈ ಕಾಗದ. ನಿನ್ನ ಮೇಲೆ ನನಗೆ ಕೋಪವಿದೆ, ಸಾಯುವ ತನಕ ಇರುತ್ತದೆ. ಆದರೆ ನಿನ್ನನ್ನು ಪೊಲೀಸರ ಕೈಗೆ ಕೊಡುವುದಿಲ್ಲ. ರೆಕಾರ್ಡಿಂಗು ಇವತ್ತೇ ಅಳಿಸುತ್ತೇನೆ. ಕಂಬ ಕೀಳಬೇಡ. ಊರಿಗೆ ಹೆದರಿ ಒಬ್ಬನನ್ನು ಹೊಡೆಸಿದೆ, ಈಗ ನನಗೆ ಹೆದರಿ ರೇಡಿಯೊ ಬಿಡಬೇಡ. ಒಂದು ದಿನ ನನ್ನೆದುರು ಬಂದು ನಿಂತು, ನಾನೇ ಅಂತ ಬಾಯಿಬಿಟ್ಟು ಹೇಳು. ಒಂದು ಕೆನ್ನೆಗೆ ಬಾರಿಸುತ್ತೇನೆ, ಅಷ್ಟಕ್ಕೆ ಮುಗಿಸೋಣ. ಆಮೇಲೆ ಇಂದ್ರಮ್ಮ ಊಟಕ್ಕಿಕ್ಕುತ್ತಾಳೆ.

ಭವ್ಯಳ ಹಣೆಯ ಗಾಯ ಮಾಸಲಿ. ನಿಮ್ಮಿಬ್ಬರನ್ನೂ ಶಿವ ಕಾಪಾಡಲಿ.

ನಿನ್ನ
ಪರ್ವತಣ್ಣ

ಕಾಗದ ಮಡಿಸಿದ ಮೇಲೆ ಬರೆಯುತ್ತಿರುವುದು: ಅಳಿಸೋಣ ಅಂತಲೇ ಫೋನು ತೆಗೆದೆ. ಇಷ್ಟು ದಿನ ಮೊದಲ ಏಟುಗಳ ಆಚೆ ಕೇಳುವ ಧೈರ್ಯ ಮಾಡಿರಲಿಲ್ಲ. ಈಗ ಎಲ್ಲ ಮುಗಿಯಿತಲ್ಲ, ಒಂದು ಸಲ ಪೂರ್ತಿ ಕೇಳಿ ಅಳಿಸುತ್ತೇನೆ ಅಂದುಕೊಂಡು ನಿನ್ನ ಪೆಟ್ಟಿಗೆಗೆ ಜೋಡಿಸಿದೆ. ನಾನು ಕಾಲ್‌ಸೈನ್ ಕೂಗುತ್ತೇನೆ. ಹೆಸರು ಹೇಳುತ್ತೇನೆ, ಮಧುಗಿರಿ ಅನ್ನುತ್ತೇನೆ. ಹೊಡೆಯುವುದು ನಿಲ್ಲುತ್ತದೆ. ಗದ್ದಲವೇ ಇಲ್ಲ, ಹೊಲದ ಗಾಳಿ ಕೇಳಿಸುವಷ್ಟು ಸುಮ್ಮನಾಗುತ್ತಾರೆ. ಒಬ್ಬ ಕೇಳುತ್ತಾನೆ, "ಅಣ್ಣಾ, ಇವ್ನು ನಿಮ್ ರೇಡಿಯೋ ಮಾತು ಆಡ್ತಾವ್ನಲ್ಲ, ನಿಮ್ಗೇನಾರಾ ಗೊತ್ತಾ?" ಆಗ ನಿನ್ನ ದನಿ: "ನಂಗ್ಯಾಕ್ ಗೊತ್ತಿರ್ತಾನೆ? ಜೊತೆಯೋರ್ನ ಕರೀತಾವ್ನೆ ಕಣ್ಲಾ. ಕಿವಿಗ್ ಹಾಕ್ ಅವನ್ಗೆ."

ಫೋನು ನಾಳೆ ಬೆಳಗ್ಗೆ ಠಾಣೆಗೆ ಹೋಗುತ್ತದೆ. ಜೊತೆಗೆ ಈ ಪೆಟ್ಟಿಗೆಯೂ, ಅವರಿಗೆ ಸರಿಯಾಗಿ ಕೇಳಿಸಲಿ. ಅಷ್ಟು ಏಟು ತಿಂದರೂ ಆ ಹೊತ್ತಿನ ತನಕ ನನ್ನ ಎರಡು ಕಿವಿಯೂ ಚೆನ್ನಾಗಿದ್ದವು, ಹಾಲೇಶ. ಎಡಗಿವಿ ಹೋದದ್ದು ನಾನು ಯಾರೆಂದು ನಿನಗೆ ಗೊತ್ತಾದ ಮೇಲೆ.